ಹಿಮ ನಿಲ್ಲದ ತಂತಿ

ಗ್ಯುಮ್ರಿ. ತೊಂಬತ್ತಮೂರರ ಚಳಿಗಾಲ.
ಭೂಕಂಪ ಕೆಡವಿದ್ದನ್ನು ಇನ್ನೂ ಯಾರೂ ಎತ್ತಿ ನಿಲ್ಲಿಸಿರಲಿಲ್ಲ.
ನಾವಿದ್ದದ್ದು ತಗಡಿನ ಡೋಮಿಕ್‌ಗಳಲ್ಲಿ:
ಸರಕು ತುಂಬುವ ಪೆಟ್ಟಿಗೆಗೆ ಕಿಟಕಿ ಕೊರೆದರೆ
ಅದೇ ಮನೆ.

ಕರೆಂಟು ದಿನಕ್ಕೆ ಎರಡು ಗಂಟೆ, ಅದೂ ಅವರ ಮರ್ಜಿ.
ಆಸ್ಪತ್ರೆಯ ಲೈನಿಗೆ ಮಾತ್ರ ಕತ್ತಲಿಲ್ಲ.
ಅಲ್ಲಿಂದ ಒಂದು ರಾತ್ರಿ ವರಾಜ್ದಾತ್ ಮಾವ
ಅಲ್ಯೂಮಿನಿಯಮ್ ತಂತಿ ಎಳೆದು ತಂದ.
ಎಡ ಬೆಳಕು ಎನ್ನುತ್ತಿದ್ದೆವು ಅದಕ್ಕೆ,
ಬಲಗೈಗೆ ತಿಳಿಯದಂತೆ ಬಂದದ್ದು.
ಕಳವು ಅನ್ನಬೇಕಾದವರೂ
ಬಂದು ಕೈ ಕಾಯಿಸಿಕೊಂಡು ಹೋಗುತ್ತಿದ್ದರು.

ಹೀಟರ್ ಅಂದರೆ ಒಂದು ಇಟ್ಟಿಗೆ,
ಕೊರೆದ ಗೆರೆಗಳೊಳಗೆ ಮಲಗಿಸಿದ ನೈಕ್ರೋಮ್ ಸುರುಳಿ.
ತುಂಡಾದಾಗಲೆಲ್ಲ ಅಜ್ಜಿ ತಗುಹಿ
ತುದಿಗೆ ತುದಿ ಹೊಸೆದು ಕೂಡಿಸುತ್ತಿದ್ದಳು.
ಪ್ರತಿ ಗಂಟಿಗೂ ಸುರುಳಿ ಒಂದಿಷ್ಟು ಗಿಡ್ಡ,
ಗಿಡ್ಡವಾದಷ್ಟೂ ರೋಧ ಕಡಿಮೆ,
ರೋಧ ಇಳಿದಷ್ಟೂ ಪ್ರವಾಹ ಜಾಸ್ತಿ,
ಕೆಂಪು ಕಿತ್ತಳೆಯಾಗಿ
ಮತ್ತೆ ಫಟ್.
"ಮುರಿದು ಕೂಡಿದ್ದು ಹೆಚ್ಚು ಉರಿಯುತ್ತೆ" ಅನ್ನುತ್ತಿದ್ದಳು.
ನಲವತ್ತೆಂಟು ಓಮ್ ಇದ್ದದ್ದು ನಲವತ್ತಕ್ಕಿಳಿದ ಸಂಗತಿ
ಅವಳಿಗೆ ಬೇಕಿರಲಿಲ್ಲ.

ಬೇಕಿದ್ದದ್ದು ನನಗೆ. ಹದಿಮೂರು ವರ್ಷ.
ಶೂಶಾನಿಕ್ ಟೀಚರ್ ಕೈಗವಸು ತೆಗೆಯದೆ ಬರೆಯುತ್ತಿದ್ದರು:
ಸರಣಿಯಲ್ಲಿದ್ದರೆ ಕೂಡಿಸಿ.
ಸಮಾಂತರವಾದರೆ ತಲೆಕೆಳಗು ಮಾಡಿ ಕೂಡಿಸಿ,
ಬಂದದ್ದನ್ನು ಮತ್ತೆ ತಲೆಕೆಳಗು ಮಾಡಿ.
ತಲೆಕೆಳಗು ನಮಗೆ ಹೇಳಿಕೊಡಬೇಕಿರಲಿಲ್ಲ.

ಪುಸ್ತಕದ ಚಿತ್ರದಲ್ಲಿ ತಂತಿಗೆ ರೋಧವಿಲ್ಲ, ಅದು ಬರೀ ಗೆರೆ.
ನಮ್ಮ ತಂತಿಗಿತ್ತು. ಹೋಗಿ ಬರುವ ನಾನೂರು ಮೀಟರು,
ಟೀಚರ್ ಕೊಟ್ಟ ಮೀಟರಿನ ಮುಳ್ಳು ನಡುಗಿ ನಿಂತದ್ದು ಎಂಟರ ಮೇಲೆ.

ಒಂದೇ ಮನೆ ಹಚ್ಚಿದರೆ ಎಂಟು, ನಲವತ್ತು, ಒಟ್ಟು ನಲವತ್ತೆಂಟು;
ಇನ್ನೂರಿಪ್ಪತ್ತು ವೋಲ್ಟಿನಲ್ಲಿ ನೂರೆಂಬತ್ತಮೂರು ಇಟ್ಟಿಗೆಗೆ.
ಐದು ಮನೆ ಹಚ್ಚಿದರೆ
ನಲವತ್ತನ್ನು ಐದರಿಂದ ಭಾಗಿಸು: ಎಂಟು.
ತಂತಿಯೂ ಎಂಟು.
ಅರ್ಧ ನಮಗೆ, ಅರ್ಧ ದಾರಿಗೆ.

ಆಗ ತಿಳಿಯಿತು, ಊರೆಲ್ಲ ಬೆಳ್ಳಗಾದಾಗಲೂ
ಆ ತಂತಿಯ ಮೇಲೆ ಹಿಮ ಯಾಕೆ ನಿಲ್ಲುವುದಿಲ್ಲ,
ಗುಬ್ಬಿಗಳು ಅಲ್ಲೇ ಯಾಕೆ ಒತ್ತಿಕೊಂಡು ಕೂರುತ್ತವೆ.

ಜನವರಿಯಲ್ಲಿ ನ್ವಾರ್ದ್ ಬಂದಳು ಕೊನೆಯ ಪೆಟ್ಟಿಗೆಗೆ.
ಕಂಕುಳಲ್ಲಿ ನಲವತ್ತು ದಿನ ತುಂಬದ ಕೂಸು,
ಗಂಡನ ಸುದ್ದಿ ಅಕ್ಟೋಬರಿನಿಂದ ಇಲ್ಲ.
ಅಂಗಳದ ಗಂಡಸರು ನನ್ನ ಮುಂದೆ ಕೂತರು:
"ಆರನೆಯದು ಸೇರಿದರೆ ಏನಾಗುತ್ತೆ, ಲೆಕ್ಕದ ಹುಡುಗಿ?"

ತಂತಿಯಲ್ಲಿ ಹದಿನೈದು ಆಂಪಿಯರ್,
ಮನೆಗೆ ನೂರು ವೋಲ್ಟ್,
ಸುರುಳಿ ಕೆಂಪಾಗುವುದೂ ಇಲ್ಲ.
ಹಂಚಿ ಉಂಡರೆ ಹಸಿವಿಲ್ಲ ಅನ್ನುತ್ತಾರೆ,
ನನ್ನ ಭಾಗಾಕಾರ ಹಾಗನ್ನಲಿಲ್ಲ.
ಬಾಗಿಲು ಹೆಚ್ಚಿದಷ್ಟೂ ಅಡ್ಡಿ ಕಡಿಮೆ, ನಿಜ,
ಆದರೆ ಎಲ್ಲ ಬಾಗಿಲಿಗೂ ಓಣಿ ಒಂದೇ.

ಯಾರೂ ಮಾತಾಡಲಿಲ್ಲ.
ಒಬ್ಬನ ಮುಖದಲ್ಲಿ ನೆಮ್ಮದಿ ಕಂಡೆ:
ಬೇಡವೆಂದದ್ದು ತಾನಲ್ಲ, ಸಂಖ್ಯೆ.
ಸಂಖ್ಯೆಗೆ ನಾಚಿಕೆಯಿಲ್ಲ. ನನಗಾಯಿತು.

ಅಜ್ಜಿ ಹೊಸೆಯುತ್ತಿದ್ದ ತಂತಿಯಿಂದ ತಲೆ ಎತ್ತಲಿಲ್ಲ.
"ಆರು ಇಟ್ಟಿಗೆ ಯಾರು ಕೇಳಿದರು?
ಎರಡು ಹಚ್ಚಿ. ಕೂಸಿರುವ ಕಡೆ."

ಎರಡಾದರೆ ಇಪ್ಪತ್ತು, ತಂತಿಯ ಎಂಟು.
ಇಪ್ಪತ್ತೆಂಟು ಎಂದು ಬರೆದುಕೊಟ್ಟೆ ಮರುದಿನದ ಹೋಂವರ್ಕಿನಲ್ಲಿ.
"ಇಪ್ಪತ್ತೆಂಟು ಏನು?" ಎಂದು ಕೆಂಪು ಶಾಯಿ ಕೇಳಿತು.
ಅರ್ಧ ಅಂಕ ಹೋಯಿತು.

ಆ ಚಳಿಗಾಲ ಹತ್ತೊಂಬತ್ತು ಜನ, ಒಂದು ಪೆಟ್ಟಿಗೆ, ಎರಡು ಇಟ್ಟಿಗೆ;
ಒದ್ದೆ ಕಾಲುಚೀಲದ ನಾತ, ಬ್ಯಾಕ್‌ಗ್ಯಾಮನ್ ಜಗಳ,
ಕೂಸಿನ ಬಟ್ಟೆ ಎಲ್ಲರ ತಲೆಯ ಮೇಲೆ ಒಣಗುತ್ತ.
ಒಮ್ಮೊಮ್ಮೆ ನಡುವೆ ಬಲ್ಬು ತುಸು ಮಂಕಾಗುತ್ತಿತ್ತು.
ಯಾರೋ ತಮ್ಮ ಮನೆಗೆ ಹೋಗಿ
ಮೂರನೆಯದನ್ನು ಕದ್ದು ಹಚ್ಚಿದ್ದಾರೆ.
ಒಳಗೆ ಯಾರಿಲ್ಲವೆಂದು ಎಣಿಸುವುದು ಸುಲಭವಿತ್ತು.
ಎಣಿಸುತ್ತಿರಲಿಲ್ಲ.
ಬೆಳಕು ಮತ್ತೆ ಏರುವವರೆಗೆ
ಮಂದ ಬೆಳಕಿನಲ್ಲೇ ದಾಳ ಉರುಳಿಸುತ್ತಿದ್ದರು.